ಶಿಲುಬೆ, ಮಗ್ಗ ಮತ್ತು ಹಂಚಿನ ಕಾರ್ಖಾನೆ

(ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣ ಕೈಗಾರಿಕೆಗಳ ಮಾಲೀಕರು, ಕೆಲಸಗಾರರು ಹಾಗೂ ಓದುಗರು ಸೇರಿದ್ದ ಭಾನುವಾರದ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪೂರ್ಣಪಾಠ.)



ಕೆಲವು ತಿಂಗಳ ಹಿಂದೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಹಳೆಯ ಮನೆ ಕೆಡವುತ್ತಿದ್ದುದನ್ನು ನೋಡುತ್ತ ನಿಂತಿದ್ದೆ. ತೊಲೆಗಳನ್ನು ಒಂದು ಕಡೆ, ಬಾಗಿಲುಗಳನ್ನು ಒಂದು ಕಡೆ, ಹಂಚುಗಳನ್ನು ಇನ್ನೊಂದು ಕಡೆ ಒಟ್ಟಿದ್ದರು. ಒಂದು ಹಂಚನ್ನು ಎತ್ತಿ ಧೂಳು ಒರೆಸಿದಾಗ ಬಾಸೆಲ್ ಮಿಷನ್ ಎಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿತ್ತು. ಮನೆಯ ಯಜಮಾನರನ್ನು ಕೇಳಿದೆ. ‘ಅವು ಮಂಗಳೂರು ಹಂಚರೀ. ನಮ್ಮ ಮುತ್ತ್ಯಾನ ಕಾಲದಾಗ ಹಾಕಿಸಿದ್ದು’ ಎಂದರು. ಮಿಷನ್ ಎಂದರೇನು ಎಂದು ಕೇಳಿದ್ದಕ್ಕೆ, ‘ಕಂಪನಿ ಹೆಸರಿರಬೇಕು’ ಎಂದರು.

ಅವರ ಉತ್ತರ ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಬಾಸೆಲ್ ಮಿಷನ್ ಕ್ರೈಸ್ತ ಧರ್ಮಪ್ರಚಾರದ ಸಂಸ್ಥೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ್ದು. ಸುವಾರ್ತೆ ಸಾರಲು ಬಂದವರು ಹಂಚು ಸುಡುವವರಾದದ್ದು ಹೇಗೆ? ದೇವರ ಕೆಲಸಕ್ಕೂ ಲಾಭದ ಲೆಕ್ಕಕ್ಕೂ ಹೇಗೆ ಹೊಂದಾಣಿಕೆಯಾಯಿತು? ಇಂದು ಇಲ್ಲಿ ಮಾತಾಡಲು ನಾನು ಆರಿಸಿಕೊಂಡಿರುವ ವಿಷಯ ಇದು. ನಾನು ಇತಿಹಾಸದ ವಿದ್ವಾಂಸನಲ್ಲ. ವರದಿಗಾರನಾಗಿ ಓದಿದ್ದನ್ನು, ನೋಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಗೋಕುಲ ರಸ್ತೆಯ ಈ ಕೈಗಾರಿಕಾ ವಸಾಹತಿನಲ್ಲಿ ಲೇತ್ ಯಂತ್ರಗಳ ನಡುವೆ ಬದುಕುವ ನಿಮಗೆ ಈ ವಿಷಯ ನನಗಿಂತ ಹೆಚ್ಚು ಹತ್ತಿರದ್ದು.

ವೇಬರ್ ಹೇಳಿದ ಮಾತು

ಕ್ರೈಸ್ತ ಧರ್ಮಕ್ಕೂ ಬಂಡವಾಳಶಾಹಿಗೂ ಏನು ಸಂಬಂಧ ಎಂದು ಕೇಳಿದೊಡನೆ ವಿದ್ವಾಂಸರು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರ ಹೆಸರು ಹೇಳುತ್ತಾರೆ. ವೇಬರ್ 1904-05ರಲ್ಲಿ ಬರೆದ ಪ್ರಬಂಧ ಇಂದಿಗೂ ಚರ್ಚೆಯಲ್ಲಿದೆ. ಅದರ ಸಾರಾಂಶ ಹೀಗೆ.

ಮಧ್ಯಯುಗದ ಯುರೋಪಿನಲ್ಲಿ ಚರ್ಚು ಹಣದ ಬಗ್ಗೆ ಅನುಮಾನದಿಂದ ಇತ್ತು. ಬಡ್ಡಿ ತೆಗೆದುಕೊಳ್ಳುವುದು ಪಾಪ ಎನ್ನುತ್ತಿತ್ತು. ಯೇಸು ದೇವಾಲಯದ ಅಂಗಳದಿಂದ ಹಣ ವಿನಿಮಯದವರನ್ನು ಹೊರಗಟ್ಟಿದ ಕತೆ ಎಲ್ಲರಿಗೂ ಗೊತ್ತಿತ್ತು. ಲೌಕಿಕ ಬಿಟ್ಟು ಮಠ ಸೇರಿದವನೇ ಶ್ರೇಷ್ಠ. 1517ರ ನಂತರ ಮಾರ್ಟಿನ್ ಲೂಥರ್ ಈ ಏರ್ಪಾಟನ್ನು ಪ್ರಶ್ನಿಸಿದರು. ಚಮ್ಮಾರನ ಕೆಲಸವೂ ಸನ್ಯಾಸಿಯ ಪ್ರಾರ್ಥನೆಯಷ್ಟೇ ದೇವರಿಗೆ ಸಲ್ಲುವಂಥದು ಎಂದರು. ಜರ್ಮನ್ ಭಾಷೆಯಲ್ಲಿ ಉದ್ಯೋಗಕ್ಕೆ ‘ಬೆರೂಫ್’ ಎನ್ನುತ್ತಾರೆ. ದೇವರ ಕರೆ ಎಂಬ ಅರ್ಥವೂ ಆ ಶಬ್ದದಲ್ಲೇ ಇದೆ.

ನಂತರ ಬಂದ ಜಿನೀವಾದ ಕ್ಯಾಲ್ವಿನ್ ಅವರ ಅನುಯಾಯಿಗಳಲ್ಲಿ ಇನ್ನೊಂದು ನಂಬಿಕೆ ಬೆಳೆಯಿತು. ಯಾರಿಗೆ ಮೋಕ್ಷ, ಯಾರಿಗೆ ಇಲ್ಲ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿಬಿಟ್ಟಿದ್ದಾನೆ. ಹಾಗಾದರೆ ನನ್ನ ಗತಿ ಏನು ಎಂಬ ಆತಂಕ ಭಕ್ತನಿಗೆ. ಕಟ್ಟುನಿಟ್ಟಾಗಿ ದುಡಿದು, ಮೋಜಿಗೆ ಖರ್ಚು ಮಾಡದೆ, ವ್ಯವಹಾರದಲ್ಲಿ ಏಳಿಗೆ ಕಂಡರೆ ಅದು ದೇವರ ಕೃಪೆಯ ಗುರುತಿರಬಹುದು ಎಂದು ಆತ ಸಮಾಧಾನ ಪಟ್ಟುಕೊಂಡ. ದುಡಿಮೆ ಹೆಚ್ಚು, ಖರ್ಚು ಕಡಿಮೆ. ಮಿಕ್ಕ ಹಣ ಎಲ್ಲಿ ಹೋಗಬೇಕು? ಮತ್ತೆ ವ್ಯಾಪಾರಕ್ಕೇ. ಹೀಗೆ ಬಂಡವಾಳ ಬೆಳೆಯಲು ಬೇಕಾದ ಮನೋಭಾವ ಸಿದ್ಧವಾಯಿತು ಎಂಬುದು ವೇಬರ್ ವಾದ.

ವೇಬರ್ ಅಷ್ಟಕ್ಕೇ ನಿಲ್ಲಲಿಲ್ಲ. ಭಾರತದ ಧರ್ಮಗಳ ಬಗ್ಗೆಯೂ ಬರೆದರು. ಜಾತಿ ಮತ್ತು ಕರ್ಮದ ನಂಬಿಕೆಗಳಿರುವ ಈ ದೇಶದಲ್ಲಿ ಆಧುನಿಕ ಬಂಡವಾಳಶಾಹಿ ತಾನಾಗಿ ಹುಟ್ಟುವುದು ಕಷ್ಟ ಎಂದು ಅಭಿಪ್ರಾಯಪಟ್ಟರು. ಆದ್ದರಿಂದ ಈ ಚರ್ಚೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ವೇಬರ್ ಸರಿಯೋ ತಪ್ಪೋ ನೋಡಲು ನಾವು ಜಿನೀವಾಕ್ಕೆ ಹೋಗಬೇಕಿಲ್ಲ. ಮಂಗಳೂರು ಮತ್ತು ಹುಬ್ಬಳ್ಳಿ ಸಾಕು.

ಪಾದ್ರಿಗಳು ಬೇಡ ಎಂದ ಕಂಪನಿ

ವ್ಯಾಪಾರಿಯೂ ಪಾದ್ರಿಯೂ ಒಂದೇ ಹಡಗಿನಲ್ಲಿ ಕೈಕೈ ಹಿಡಿದು ಬಂದರು ಎಂದು ನಾವು ಸಾಮಾನ್ಯವಾಗಿ ಭಾವಿಸಿದ್ದೇವೆ. ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಬೇರೆಯೇ ಹೇಳುತ್ತದೆ. ಧರ್ಮದ ವಿಷಯಕ್ಕೆ ಕೈಹಾಕಿದರೆ ಜನ ಕೆರಳುತ್ತಾರೆ, ವ್ಯಾಪಾರ ಕೆಡುತ್ತದೆ ಎಂದು ಕಂಪನಿ ಹೆದರುತ್ತಿತ್ತು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಮುಂದೆ ಡೆನ್ಮಾರ್ಕಿನವರ ಆಳ್ವಿಕೆಯಲ್ಲಿದ್ದ ಶ್ರೀರಾಮಪುರದಲ್ಲಿ ನೆಲೆ ಹುಡುಕಬೇಕಾಯಿತು. ಮಿಷನರಿಗಳಿಗೆ ದಾರಿ ತೆರೆದದ್ದು 1813ರ ಸನದು ಕಾಯಿದೆ. ಬ್ರಿಟಿಷರಲ್ಲದ ಮಿಷನ್‌ಗಳಿಗೆ ಅವಕಾಶ ಸಿಕ್ಕಿದ್ದು 1833ರ ಕಾಯಿದೆಯ ನಂತರ.

ಮರು ವರ್ಷವೇ, ಅಂದರೆ 1834ರ ಅಕ್ಟೋಬರಿನಲ್ಲಿ, ಬಾಸೆಲ್ ಮಿಷನ್ನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಹೇಬಿಕ್ ಮಿಷನ್ ಸೇರುವ ಮೊದಲು ವ್ಯಾಪಾರಿಯಾಗಿದ್ದವರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ನಮ್ಮ ಭಾಗದಲ್ಲೂ ಅವರ ಠಾಣ್ಯಗಳು ಆರಂಭವಾದವು. ಈ ಮಿಷನರಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಹಳ್ಳಿಗಳಿಂದ ಬಂದ ರೈತರ, ಕುಶಲಕರ್ಮಿಗಳ ಮಕ್ಕಳು. ಕಾರ್ಖಾನೆ ತೆರೆಯಬೇಕೆಂಬ ಯೋಚನೆ ಅವರಿಗೆ ಇರಲಿಲ್ಲ.

ಹೊಟ್ಟೆಯ ಪ್ರಶ್ನೆ

ಹಾಗಾದರೆ ಕಾರ್ಖಾನೆ ಏಕೆ ಬಂತು? ಉತ್ತರ ಸರಳವಾಗಿದೆ: ಮತಾಂತರಗೊಂಡವನ ಹೊಟ್ಟೆ.

ನಮ್ಮಲ್ಲಿ ಜಾತಿ ಬೇರೆ, ಕಸುಬು ಬೇರೆ ಆಗಿರಲಿಲ್ಲ. ಒಬ್ಬ ಕ್ರೈಸ್ತನಾದ ದಿನವೇ ಮನೆಯಿಂದ, ಕುಲದಿಂದ ಹೊರಬೀಳುತ್ತಿದ್ದ. ಒಡೆಯನ ಗದ್ದೆಯ ಗೇಣಿ ಹೋಗುತ್ತಿತ್ತು. ಕರಾವಳಿಯಲ್ಲಿ ಹೆಚ್ಚಾಗಿ ಕ್ರೈಸ್ತರಾದ ಬಿಲ್ಲವರ ಕಷ್ಟ ಇನ್ನೂ ವಿಚಿತ್ರವಾದದ್ದು. ತಾಳೆಮರದಿಂದ ಕಳ್ಳು ಇಳಿಸುವುದು ಅವರ ಕಸುಬುಗಳಲ್ಲೊಂದು. ಮದ್ಯಕ್ಕೆ ಸಂಬಂಧಿಸಿದ ಆ ಕೆಲಸ ಕ್ರೈಸ್ತನಿಗೆ ಸಲ್ಲದು ಎಂದು ಮಿಷನ್ನೇ ಹೇಳುತ್ತಿತ್ತು. ಕುಲದವರು ಅನ್ನ ಕೊಡುವುದಿಲ್ಲ, ಪಾದ್ರಿಗಳು ಕಸುಬು ಮಾಡಗೊಡುವುದಿಲ್ಲ. ಉಣ್ಣುವುದೇನು? ದಾನ ಕೊಟ್ಟು ಸಾಕುತ್ತ ಹೋದರೆ ಅನ್ನಕ್ಕಾಗಿಯೇ ಜಾತಿ ಬಿಟ್ಟರು ಎಂಬ ಮಾತು ಬರುತ್ತದೆ. ಕೆಲಸವನ್ನೇ ಕೊಡಬೇಕಾಯಿತು.

ಮೊದಲಿಗೆ ಅವರಿಗೆ ಹೊಳೆದದ್ದು ಬೇಸಾಯ. ನಮ್ಮ ಗದುಗಿನ ಹತ್ತಿರದ ಮಲಸಮುದ್ರದಲ್ಲಿ 1841ರಲ್ಲಿ ಕ್ರೈಸ್ತ ಬೇಸಾಯಗಾರರ ನೆಲೆಯೊಂದನ್ನು ಕಟ್ಟಲು ಪ್ರಯತ್ನಿಸಿದರು. ಅದು ನಿಲ್ಲಲಿಲ್ಲ. ಕರಾವಳಿಯಲ್ಲೂ ಸಕ್ಕರೆ, ಮರಗೆಲಸ, ಗಡಿಯಾರ ರಿಪೇರಿ, ಪುಸ್ತಕದ ರಟ್ಟು ಕಟ್ಟುವುದು ಎಂದು ಹಲವು ಕಸುಬುಗಳನ್ನು ಪರೀಕ್ಷಿಸಿ ನೋಡಿದರು. ಹಲವು ಸೋತವು. ಗೆದ್ದದ್ದು ಮೂರು: ಮುದ್ರಣ, ನೇಯ್ಗೆ, ಹಂಚು.

ಮುದ್ರಣದ ಕತೆ ನಿಮಗೆ ಗೊತ್ತು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಪತ್ರಿಕೆಯಲ್ಲಿ ಕೆಲಸ ಮಾಡುವ ನನ್ನಂಥವರ ಕಸುಬು ಕನ್ನಡದಲ್ಲಿ ಶುರುವಾದದ್ದೇ ಅಲ್ಲಿಂದ. 1894ರಲ್ಲಿ ಕಿಟೆಲ್ ನಿಘಂಟು ಪ್ರಕಟವಾದದ್ದೂ ಮಂಗಳೂರಿನಲ್ಲೇ.

ನೇಯ್ಗೆಗೆ 1851ರಲ್ಲಿ ಯೋಹಾನ್ ಹಾಲರ್ ಎಂಬ ಪಳಗಿದ ನೇಕಾರರೇ ಯುರೋಪಿನಿಂದ ಬಂದರು. ಮಂಗಳೂರಿನ ಬಲ್ಮಠದಲ್ಲಿ ಹೊಸ ಮಾದರಿಯ ಮಗ್ಗಗಳನ್ನು ಹೂಡಿ, ಬಣ್ಣದ ಮನೆ ಕಟ್ಟಿದರು. ಖಾಕಿ ಬಣ್ಣ ಹುಟ್ಟಿದ್ದೇ ಅಲ್ಲಿ ಎಂದು ಮಂಗಳೂರಿಗರು ಹೇಳುತ್ತಾರೆ. ವಾಯವ್ಯ ಗಡಿಯ ಸೇನಾ ತುಕಡಿಯೊಂದು 1840ರ ದಶಕದಲ್ಲೇ ಖಾಕಿ ತೊಟ್ಟಿತ್ತು. ಆದ್ದರಿಂದ ಹುಟ್ಟಿನ ವಿಷಯದಲ್ಲಿ ವಾದ ಬೇಡ. ಆದರೆ ಬಲ್ಮಠದ ಖಾಕಿ ಬಟ್ಟೆಗೆ ಒಳ್ಳೆಯ ಹೆಸರಿತ್ತು. ನೇಯ್ಗೆ ಕಣ್ಣೂರು, ಕಲ್ಲಿಕೋಟೆಗಳಿಗೂ ಹಬ್ಬಿತು.

ಹಂಚಿನ ಯಶಸ್ಸು

ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮೊದಲಲ್ಲಿ ಯಂತ್ರ ತಿರುಗಿಸಲು ಎತ್ತುಗಳೇ ಆಧಾರ. ನಂತರ ಉಗಿಯಂತ್ರ ಬಂತು.

ಹಳೆಯ ನಾಡಹಂಚು ಅರ್ಧ ಕೊಳವೆಯ ಆಕಾರದ್ದು. ಒಂದರ ಮೇಲೊಂದು ಸುಮ್ಮನೆ ಹೊದಿಸಬೇಕು. ಗಾಳಿಗೆ, ಮಂಗಗಳಿಗೆ ಸರಿದು ಬೀಳುತ್ತದೆ. ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು. ಹೊಸ ಹಂಚು ಚಪ್ಪಟೆ. ಅಂಚಿನಲ್ಲಿ ಒಂದಕ್ಕೆ ತೋಡು, ಇನ್ನೊಂದಕ್ಕೆ ದಿಂಡು. ಒಂದರೊಳಗೊಂದು ಕೂರುತ್ತದೆ. ಹಿಂಬದಿಯ ಗುಬಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗುರುಪುರ, ನೇತ್ರಾವತಿ ನದಿಗಳ ದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಅದನ್ನು ಹದವಾಗಿ ಕಲಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿಟ್ಟು ಸುಡುತ್ತಿದ್ದರು. ಉರುವಲಿಗೆ ಘಟ್ಟದ ಕಾಡು, ಸಾಗಣೆಗೆ ಬಂದರು ಇತ್ತು. ಜೆಪ್ಪುವಿನ ನಂತರ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೊಡಕ್ಕಲ್, ಪಾಲಕ್ಕಾಡು, ಫೆರೋಕ್, ಹೀಗೆ ಒಟ್ಟು ಏಳು ಕಾರ್ಖಾನೆಗಳಾದವು. ಬೇರೆಯವರೂ ಕಲಿತರು. ಕೆಥೋಲಿಕರು, ಹಿಂದೂಗಳು, ಮುಸಲ್ಮಾನರು ಕರಾವಳಿಯ ಉದ್ದಕ್ಕೂ ಹಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಎಂಬುದು ಮಿಷನ್ನಿನ ಸರಕಾಗಿ ಉಳಿಯದೆ ಊರಿನ ಉದ್ಯಮವಾಯಿತು.

ಲಾಭ ಎಲ್ಲಿಗೆ ಹೋಯಿತು?

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. ಒಮ್ಮೆ ಕೆಲಸ ಕೊಟ್ಟಾಯಿತು. ಕೆಲಸವಾದರೆ ಸರಕು ಬರುತ್ತದೆ. ಸರಕಿಗೆ ಮಾರುಕಟ್ಟೆ ಬೇಕು. ಮಾರುಕಟ್ಟೆಯಲ್ಲಿ ನಿಲ್ಲಲು ಬಂಡವಾಳ ಬೇಕು. ಬಂಡವಾಳಕ್ಕೆ ಲಾಭ ಬೇಕು. ಅನ್ನ ಕೊಡಲು ಹೊರಟವರು ಒಂದೊಂದೇ ಮೆಟ್ಟಿಲೇರಿ ಲಾಭದ ಲೆಕ್ಕಕ್ಕೆ ಬಂದು ನಿಂತರು. ಪಾದ್ರಿಯಾದವನು ಅಂಗಡಿ ನಡೆಸಬಹುದೇ ಎಂಬ ಪ್ರಶ್ನೆ ಮಿಷನ್ನಿನ ಒಳಗೇ ಎದ್ದಿತು.

ಇದಕ್ಕೆ ಪರಿಹಾರ ಕೊಟ್ಟವರು ಬಾಸೆಲ್ ನಗರದ ಸಾಹುಕಾರರು. ಬಾಸೆಲ್ ಆಗ ರೇಷ್ಮೆ ಪಟ್ಟಿ ನೇಯುವ ಉದ್ಯಮಕ್ಕೆ ಹೆಸರಾಗಿತ್ತು. ಕಾರ್ಲ್ ಸರಾಸಿನ್ ಅಂಥ ಒಬ್ಬ ಗಿರಣಿ ಮಾಲೀಕರು. ಅವರ ಪೂರ್ವಿಕರು ಈಗಿನ ಫ್ರಾನ್ಸಿನ ಲೊರೇನ್ ಪ್ರಾಂತದಿಂದ ಬಾಸೆಲ್‌ಗೆ ವಲಸೆ ಬಂದ ಪ್ರೊಟೆಸ್ಟೆಂಟರು. ವೇಬರ್ ವರ್ಣಿಸಿದ ದೈವಭಕ್ತ ಉದ್ಯಮಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮಿಷನ್ನಿನ ಕಸುಬುಗಳನ್ನು ನೋಡಿಕೊಳ್ಳಲು ರಚಿಸಿದ ಕೈಗಾರಿಕಾ ಸಮಿತಿಯ ಮುಂದಾಳು ಅವರು. ಮಂಗಳೂರಿನ ಅಂಗಡಿ ವ್ಯವಹಾರ ನೋಡಲು 1854ರಲ್ಲಿ ಗಾಟ್ಲೋಬ್ ಪ್ಲೈಡರರ್ ಎಂಬ ವ್ಯಾಪಾರಿಯನ್ನು ಕಳಿಸಲಾಯಿತು. 1859ರಲ್ಲಿ ಬಾಸೆಲ್‌ನಲ್ಲಿ ಷೇರು ಬಂಡವಾಳದ ಪ್ರತ್ಯೇಕ ವ್ಯಾಪಾರ ಕಂಪನಿ ಹುಟ್ಟಿತು. ಷೇರುದಾರರಿಗೆ ಕೊಡುವ ಲಾಭಾಂಶಕ್ಕೆ ಮಿತಿ ಹಾಕಿ, ಅದಕ್ಕೆ ಮೀರಿ ಉಳಿದದ್ದರಲ್ಲಿ ಮಿಷನ್ನಿಗೆ ಪಾಲು ಎಂದು ಗೊತ್ತು ಮಾಡಿದರು.

ಇದೇ ಸರಾಸಿನ್ 1855ರಲ್ಲಿ ಇನ್ನೊಂದು ಯೋಜನೆ ಆರಂಭಿಸಿದ್ದರು. ಮಿಷನ್ನಿನ ಬೆಂಬಲಿಗರು ವಾರಕ್ಕೊಮ್ಮೆ ಅರ್ಧ ‘ಬಾಟ್ಸೆನ್’, ಅಂದರೆ ಒಂದು ಪುಡಿಗಾಸು, ಕೊಡಬೇಕು. ಸಂಗ್ರಹಿಸುವವರು ಮನೆಮನೆಗೆ ಹೋಗಿ ತರುತ್ತಾರೆ. ನಮ್ಮ ಪಿಗ್ಮಿ ಠೇವಣಿಯವರನ್ನು ನೆನಪಿಸುವ ಏರ್ಪಾಟು. ವ್ಯತ್ಯಾಸವೆಂದರೆ ಅಲ್ಲಿ ಕೊಟ್ಟ ಕಾಸು ತಿರುಗಿ ಬರುವುದಿಲ್ಲ. ದೊಡ್ಡ ಸಾಹುಕಾರನ ಷೇರು, ಬಡವಿಯ ಪುಡಿಗಾಸು, ಜೆಪ್ಪುವಿನ ಕೆಲಸಗಾರನ ಬೆವರು ಈ ಮೂರೂ ಒಂದೇ ಸಂಸ್ಥೆಯ ಆಸರೆಗಳಾದವು.

ಇದನ್ನು ಕೇಳಿದಾಗ ಈ ಊರಿನ ಯಾರಿಗಾದರೂ ಕಾಯಕ ಮತ್ತು ದಾಸೋಹ ನೆನಪಾಗದೆ ಇರದು. ಲೂಥರ್‌ಗಿಂತ ಸುಮಾರು 350 ವರ್ಷ ಮೊದಲೇ ಕಲ್ಯಾಣದ ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದ್ದರು. ಹಾಗಾದರೆ ಎರಡೂ ಒಂದೇಯೇ? ಆಯ್ದಕ್ಕಿ ಲಕ್ಕಮ್ಮನ ಕತೆ ನೆನೆದುಕೊಳ್ಳಿ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇಷ್ಟೇಕೆ, ನಮಗೆ ಬೇಕಾದಷ್ಟು ಇಟ್ಟು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ವೇಬರ್ ಹೇಳುವ ಭಕ್ತನೂ ಹೆಚ್ಚುವರಿಯನ್ನು ತಿನ್ನಲಿಲ್ಲ, ಲಕ್ಕಮ್ಮನೂ ತಿನ್ನಲಿಲ್ಲ. ಆದರೆ ಆತ ಅದನ್ನು ಮತ್ತೆ ವ್ಯಾಪಾರಕ್ಕೆ ಹಾಕಿದ, ಈಕೆ ಹಿಂದಕ್ಕೆ ಕಳಿಸಿದಳು. ದುಡಿಮೆಯನ್ನು ಗೌರವಿಸುವ ಧರ್ಮಗಳು ಹಲವು ಇವೆ. ಹೆಚ್ಚುವರಿ ಎಲ್ಲಿಗೆ ಹೋಗಬೇಕು ಎನ್ನುವಲ್ಲಿ ಅವುಗಳ ದಾರಿ ಬೇರೆಯಾಗುತ್ತದೆ. ಬಾಸೆಲ್ ಕಂಪನಿ ಎರಡನ್ನೂ ಮಾಡಲು ಹೊರಟಿತ್ತು. ಲಾಭದ ಒಂದು ಭಾಗ ಮತ್ತೆ ಕಾರ್ಖಾನೆಗೆ, ಒಂದು ಭಾಗ ಧರ್ಮಕಾರ್ಯಕ್ಕೆ.

ಮಂಗಳೂರಿನಲ್ಲಿ ಆದದ್ದು ಹುಬ್ಬಳ್ಳಿಯಲ್ಲಿ ಏಕೆ ಆಗಲಿಲ್ಲ?

ಈ ಪ್ರಶ್ನೆಯನ್ನು ವೇಬರ್ ವಾದ ಒಪ್ಪುವವರ ಮುಂದೆ ಇಡಬೇಕು. ಹುಬ್ಬಳ್ಳಿಗೂ ಮಂಗಳೂರಿಗೂ ಬಂದದ್ದು ಅದೇ ಮಿಷನ್. ಅದೇ ಬೈಬಲ್, ಅದೇ ಪ್ರಾರ್ಥನೆ, ಬಾಸೆಲ್‌ನ ಅದೇ ಆಡಳಿತ ಮಂಡಳಿ. ಧರ್ಮದ ಮನೋಭಾವವೊಂದೇ ಕಾರ್ಖಾನೆ ಹುಟ್ಟಿಸುವುದಾದರೆ ಧಾರವಾಡ, ಹುಬ್ಬಳ್ಳಿಗಳಲ್ಲೂ ಜೆಪ್ಪುವಿನಂಥ ಕಾರ್ಖಾನೆಗಳು ಏಳಬೇಕಿತ್ತು. ಏಳಲಿಲ್ಲ. ಇಲ್ಲಿ ಮಿಷನ್ ಬಿಟ್ಟುಹೋದದ್ದು ಶಾಲೆಗಳನ್ನು, ಚರ್ಚುಗಳನ್ನು, ಗದಗ-ಬೆಟಗೇರಿಯಲ್ಲಿ ಜನ ಇಂದಿಗೂ ಜರ್ಮನ್ ದವಾಖಾನೆ ಎಂದು ಕರೆಯುವ ಆಸ್ಪತ್ರೆಯನ್ನು. ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜು ಇದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಲ್ಲಿ ನೇತ್ರಾವತಿಯಂಥ ನದಿ ಇಲ್ಲ. ನಮ್ಮ ಎರೆಮಣ್ಣು ಹತ್ತಿಗೆ ಒಳ್ಳೆಯದು, ಹಂಚಿಗೆ ಅಲ್ಲ. ಬಂದರು ಘಟ್ಟದ ಕೆಳಗೆ. ನೇಯ್ಗೆಯಂತೂ ಇಲ್ಲಿ ಹೊಸದಾಗಿ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿಗಳ ನೇಕಾರರು ತಲೆಮಾರುಗಳಿಂದ ಮಗ್ಗದಲ್ಲಿ ಕೂತವರು.

ಬಂಡವಾಳ ಇಲ್ಲಿಗೂ ಬಂತು, ಆದರೆ ಬೇರೆ ದಾರಿಯಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೆಲೆ ಏರಿತು. ಎತ್ತಿನ ಗಾಡಿಗಳಲ್ಲಿ ಹತ್ತಿಯ ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ನಮ್ಮ ಹೊಲದ ಹತ್ತಿಗೆ ಹೊರಗಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು. ನಂತರ 1880ರ ದಶಕದಲ್ಲಿ ರೈಲು ಬಂತು, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಬಂತು. ಕಬ್ಬಿಣ ಕಡೆಯುವ, ಬೆಸುಗೆ ಹಾಕುವ ವಿದ್ಯೆ ಈ ಊರಿನಲ್ಲಿ ಬೇರೂರಿತು. ಗೋಕುಲ ರಸ್ತೆಯಲ್ಲಿ ಇಂದು ವಾಲ್ವು, ಮೋಟಾರು ಮಾಡುತ್ತಿರುವ ನಮ್ಮ ಚರಿತ್ರೆಯಲ್ಲಿ ಹತ್ತಿ ವ್ಯಾಪಾರಿಗಳೂ ರೈಲೂ ಇದ್ದಾರೆ, ಚರ್ಚು ಇಲ್ಲ.

ಕರಾವಳಿಯ ಬ್ಯಾಂಕುಗಳನ್ನು ನೋಡಿದರೂ ಇದೇ ಪಾಠ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಕಟ್ಟಿದವರು ಅಮ್ಮೆಂಬಳ ಸುಬ್ಬರಾವ್ ಪೈ. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೆ ತಳಹದಿ ಹಾಕಿದವರು ಹಾಜಿ ಅಬ್ದುಲ್ಲಾ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮೊದಲ ಉದ್ದೇಶಗಳಲ್ಲಿ ಕಷ್ಟದಲ್ಲಿದ್ದ ಕೈಮಗ್ಗ ನೇಕಾರರಿಗೆ ನೆರವಾಗುವುದೂ ಒಂದು. ಪಿಗ್ಮಿ ಠೇವಣಿಯನ್ನು 1928ರಲ್ಲಿ ತಂದದ್ದೂ ಅದೇ ಬ್ಯಾಂಕು. 1931ರಲ್ಲಿ ವಿಜಯಾ ಬ್ಯಾಂಕ್ ಸ್ಥಾಪಿಸಿದ ಎ.ಬಿ. ಶೆಟ್ಟರು ಬಂಟರು. ಬಂಡವಾಳ ಇವರಲ್ಲಿ ಯಾರ ಧರ್ಮವನ್ನೂ ಕೇಳಲಿಲ್ಲ. ಪರಸ್ಪರ ನಂಬುವ ಒಂದು ಸಮುದಾಯ, ಕೂಡಿಡುವ ಅಭ್ಯಾಸ, ಲೆಕ್ಕ ಬಲ್ಲವರು, ಇವಿಷ್ಟು ಇದ್ದರೆ ಸಾಕಿತ್ತು.

ಹಾಗೆಂದು ವೇಬರ್ ಪೂರ್ತಿ ತಪ್ಪು ಎಂದು ನಾನು ಹೇಳುವುದಿಲ್ಲ. ಜೆಪ್ಪುವಿನ ಮಣ್ಣು ಸಾವಿರಾರು ವರ್ಷ ಅಲ್ಲಿಯೇ ಇತ್ತು. ಅದನ್ನು ಹೊಸ ಹಂಚಾಗಿ ಮಾಡಲು ಪ್ಲೆಬ್ಸ್ಟ್ ಬರಬೇಕಾಯಿತು. ಅವರನ್ನು ಅಷ್ಟು ದೂರ ಕರೆತಂದದ್ದು ಧರ್ಮವೇ. ಧರ್ಮ ಬಂಡವಾಳವನ್ನು ಹುಟ್ಟಿಸಲಿಲ್ಲ. ಅದಕ್ಕೆ ಆಳು, ಶಿಸ್ತು ಮತ್ತು ಒಂದು ಉದ್ದೇಶವನ್ನು ಒದಗಿಸಿತು.

ಕೆಲಸಗಾರನ ಲೆಕ್ಕ

ಆ ಶಿಸ್ತಿನ ಬೆಲೆ ತೆತ್ತವರು ಯಾರು? ಈ ಪ್ರಶ್ನೆ ಕೇಳದೆ ಮುಗಿಸಿದರೆ ಅರ್ಧ ಸತ್ಯವಾದೀತು.

ಮಿಷನ್ನಿನ ಕಾರ್ಖಾನೆಯಲ್ಲಿ ಪ್ರಾರ್ಥನೆಗೂ ಗಂಟೆ, ಕೆಲಸಕ್ಕೂ ಗಂಟೆ. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಸೂರಿನಡಿ, ಒಂದೇ ಗೂಡಿನ ಮುಂದೆ ದುಡಿದರು. ಹೆಂಗಸರೂ ಕೂಲಿ ಪಡೆದರು. ಒಡೆಯನ ಜೀತದಿಂದ ಬಂದವನಿಗೆ ಕೈಯಲ್ಲಿ ನಗದು ಬರುವುದು ಸಣ್ಣ ಮಾತಲ್ಲ. ಅವನ ಮಕ್ಕಳು ಶಾಲೆಗೆ ಹೋದರು. ಇದು ಒಂದು ಪಕ್ಕದ ಲೆಕ್ಕ.

ಇನ್ನೊಂದು ಪಕ್ಕ ನೋಡಿ. ಕೂಲಿ ಕೊಡುವವನೂ ಪಾಪಕ್ಷಮೆಯ ಮಾತಾಡುವವನೂ ಒಬ್ಬನೇ ಸಂಸ್ಥೆಯವನು. ಕೆಲಸದಲ್ಲಿ ತಪ್ಪಿದರೆ ಮೇಸ್ತ್ರಿ, ನಡತೆಯಲ್ಲಿ ತಪ್ಪಿದರೆ ಸಭೆ. ಕೂಲಿ ಸಾಲದು ಎಂದು ಹೇಳಬೇಕಾದರೆ ಯಾರ ಮುಂದೆ ಹೇಳಬೇಕು? ಒಡೆಯನ ಮನೆಯಿಂದ ಬಿಡಿಸಿಕೊಂಡವನು ಇನ್ನೊಂದು ಬಗೆಯ ಆಶ್ರಯಕ್ಕೆ ಒಳಗಾದ. ದೊಡ್ಡ ಹುದ್ದೆಗಳು ಬಹುಕಾಲ ಯುರೋಪಿಯನ್ನರ ಕೈಯಲ್ಲೇ ಇದ್ದವು. ಷೇರುಗಳು ಬಾಸೆಲ್‌ನಲ್ಲಿದ್ದವು.

ಕ್ರೈಸ್ತರ ಆಳ್ವಿಕೆ ಇದ್ದ ಮಾತ್ರಕ್ಕೆ ದುಡಿಯುವವನಿಗೆ ಕ್ರೈಸ್ತರ ವಿಶ್ರಾಂತಿ ದಿನ ಸಿಕ್ಕಿತೇ? ಅದೂ ಇಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಭಾನುವಾರದ ರಜೆಗಾಗಿ ಕೆಲಸಗಾರರು ವರ್ಷಗಟ್ಟಲೆ ಕೇಳಬೇಕಾಯಿತು. 1890ರಲ್ಲಿ ಗಿರಣಿ ಮಾಲೀಕರು ಅದನ್ನು ಒಪ್ಪುವಂತೆ ಮಾಡಿದವರು ಮಹಾತ್ಮ ಫುಲೆ ಅವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ. ಈ ದಿನ ನಾವು ಇಲ್ಲಿ ಸೇರಿರುವುದು ಭಾನುವಾರ. ಗಿರಣಿಯವರಿಗೆ ಈ ರಜೆಯನ್ನು ಚರ್ಚು ಕೊಟ್ಟದ್ದಲ್ಲ, ಕೆಲಸಗಾರರು ಗಳಿಸಿದ್ದು.

ಮಿಷನ್ನಿನ ಕಾರ್ಖಾನೆಗಳ ಅಂತ್ಯವೂ ಇದನ್ನೇ ಹೇಳುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಯಿತು. ಜರ್ಮನ್ ಮಿಷನರಿಗಳು ಶತ್ರು ದೇಶದ ಪ್ರಜೆಗಳಾದರು. ಹಲವರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿ, ನಂತರ ಸ್ವದೇಶಕ್ಕೆ ಕಳಿಸಲಾಯಿತು. ಕಂಪನಿ ಸ್ವಿಟ್ಜರ್ಲೆಂಡಿನದಾದರೂ ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ಹಂಚಿನ, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈ ಸೇರಿದವು. ಕೈ ಬದಲಾಯಿಸಿದ್ದು ಎರಡು ಕ್ರೈಸ್ತ ದೇಶಗಳ ನಡುವೆ. ಎರಡು ತಲೆಮಾರು ಆ ಗೂಡುಗಳ ಮುಂದೆ ಬೆಂದವರನ್ನು ಯಾರೂ ಕೇಳಲಿಲ್ಲ. ಅವರು ಅಲ್ಲಿ ಕೂಲಿಗಾರರಾಗಿದ್ದರೇ ಹೊರತು ಪಾಲುದಾರರಾಗಿರಲಿಲ್ಲ. ಲಾಭದಲ್ಲಿ ದೇವರಿಗೆ ಪಾಲಿಟ್ಟ ಕಂಪನಿ ದುಡಿದವನಿಗೆ ಪಾಲು ಇಡಲು ಮರೆತಿತ್ತು.

ಮುಂದೆ ಕಾಂಕ್ರೀಟ್ ಛಾವಣಿ ಬಂತು. ಮಣ್ಣು, ಉರುವಲು ದುಬಾರಿಯಾದವು. ಕರಾವಳಿಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ನಾನು ಹಳೇ ಹುಬ್ಬಳ್ಳಿಯಲ್ಲಿ ನೋಡಿದ ಹಂಚುಗಳು ಆ ಚರಿತ್ರೆಯ ಉಳಿಕೆ.

ನಮ್ಮ ರಸ್ತೆಗೆ ಏನು ಸಂಬಂಧ?

ಈ ಕತೆ ಕೇಳಿ ಒಬ್ಬರು, ಮತಾಂತರಕ್ಕಾಗಿ ಹೂಡಿದ ಉಪಾಯ ಎನ್ನಬಹುದು. ಇನ್ನೊಬ್ಬರು, ಬಡವರ ಉದ್ಧಾರ ಎನ್ನಬಹುದು. ನನಗೆ ಎರಡೂ ಅವಸರದ ತೀರ್ಪು ಎನಿಸುತ್ತದೆ. ಒಂದು ಧರ್ಮಸಂಸ್ಥೆ ಜನರಿಗೆ ಅನ್ನ ಕೊಡುವ ಹೊಣೆ ಹೊತ್ತಾಗ ಮಾರುಕಟ್ಟೆಯ ನಿಯಮಗಳಿಗೆ ಹೇಗೆ ತಲೆಬಾಗಬೇಕಾಯಿತು, ಆದರೂ ಲಾಭಕ್ಕೆ ಹೇಗೆ ಒಂದು ಮಿತಿ ಹಾಕಲು ಯತ್ನಿಸಿತು, ಆ ಯತ್ನ ಎಲ್ಲಿ ಅರ್ಧಕ್ಕೆ ನಿಂತಿತು ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ.

ಲಾಭಕ್ಕೆ ಮಿತಿ ಹಾಕುವ ಕೆಲಸವನ್ನು ಈಗ ಧರ್ಮಕ್ಕೆ ಬಿಟ್ಟಿಲ್ಲ, ಕಾನೂನು ವಹಿಸಿಕೊಂಡಿದೆ. 2013ರ ಕಂಪನಿ ಕಾಯಿದೆಯ ಪ್ರಕಾರ ನಿಗದಿತ ಮಟ್ಟಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡ 2ರಷ್ಟನ್ನು ಸಮಾಜದ ಕೆಲಸಗಳಿಗೆ ವೆಚ್ಚ ಮಾಡಬೇಕು. ನಮ್ಮ ರಸ್ತೆಯ ಸಣ್ಣ ಶೆಡ್ಡುಗಳಿಗೆ ಅದು ಅನ್ವಯಿಸಲಾರದು. ಆದರೆ ಪ್ರಶ್ನೆ ಅನ್ವಯಿಸುತ್ತದೆ.

ಆಯುಧ ಪೂಜೆಯ ದಿನ ಇಲ್ಲಿನ ಪ್ರತಿಯೊಂದು ಲೇತಿಗೂ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಯುತ್ತೇವೆ. ಕೆಲಸಗಾರರಿಗೆ ಚುರುಮುರಿ, ಪೇಡೆ ಹಂಚುತ್ತೇವೆ. ಯಂತ್ರದಲ್ಲಿ ದೇವರನ್ನು ಕಾಣುವುದು ನಮಗೆ ಯಾವ ಪಾದ್ರಿಯೂ ಕಲಿಸಬೇಕಾಗಿಲ್ಲ. ದುಡಿಮೆ ದೊಡ್ಡದು ಎಂದು ಲೂಥರ್ ಹೇಳಿದರು, ಬಸವಣ್ಣ ಹೇಳಿದರು, ನಾವೂ ಹೇಳುತ್ತೇವೆ. ಅದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ದುಡಿಮೆಯಿಂದ ಮಿಕ್ಕದ್ದು ಯಾರದು, ಅದನ್ನು ತೀರ್ಮಾನಿಸುವಾಗ ಯಂತ್ರದ ಮುಂದೆ ನಿಂತವನ ಮಾತಿಗೆ ಜಾಗ ಇದೆಯೇ ಎಂಬುದು ಬಾಸೆಲ್ ಕಂಪನಿ ಉತ್ತರಿಸದೆ ಬಿಟ್ಟುಹೋದ ಪ್ರಶ್ನೆ. ಅದನ್ನು ಈ ರಸ್ತೆಯ ಮಾಲೀಕರೂ ಕೆಲಸಗಾರರೂ ಒಟ್ಟಿಗೆ ಕೂತು ಕೇಳಿಕೊಂಡರೆ ನನ್ನ ಮಾತು ಸಾರ್ಥಕ.